ಹಾಡಿಲ್ಲದ ಊಟ

ಭಟ್ಕಳ
30 ನವೆಂಬರ್ 2023

ಪೂಜ್ಯ ದುರ್ಗಮ್ಮನವರಿಗೆ, ರಾಜೀವನ ಸಾಷ್ಟಾಂಗ ನಮಸ್ಕಾರಗಳು.

ಕಳೆದ ಭಾನುವಾರ ಕಾಗಾಲದ ನಿಮ್ಮ ಮನೆಯಲ್ಲಿ ನನ್ನ ತಮ್ಮ ಸಂಜಯನಿಗೂ ನಿಮ್ಮ ತಮ್ಮ ತಿಮ್ಮನವರ ಮಗಳು ಅರ್ಚನಾಳಿಗೂ ನಿಶ್ಚಿತಾರ್ಥ ಸುಸೂತ್ರವಾಗಿ ನಡೆಯಿತು. ನಿಮ್ಮ ಪಾಯಸದ ಬಗ್ಗೆ ಅಮ್ಮ ಇನ್ನೂ ಮಾತಾಡುತ್ತಿದ್ದಾರೆ. ಆದರೆ ಒಂದು ವಿಷಯ ಬರೆಯದೆ ನಿರ್ವಾಹವಿಲ್ಲ. ಮಂಗಳವಾರ ಫೋನಿನಲ್ಲಿ ಅದನ್ನು ಎತ್ತಿದಾಗ ನೀವು ನಕ್ಕಿರಿ. ಆದ್ದರಿಂದ ಇನ್ನು ಮುಂದೆ ಪತ್ರದ ಮೂಲಕವೇ ವ್ಯವಹರಿಸೋಣ ಎಂದು ತೀರ್ಮಾನಿಸಿದ್ದೇನೆ. ನಮ್ಮ ಸಮಾಜದ ಸಂಘದ ಕಾರ್ಯದರ್ಶಿಯಾಗಿ ನನಗೆ ಅದು ಅಭ್ಯಾಸವೂ ಹೌದು.

ಊಟಕ್ಕೆ ಕುಳಿತಾಗ ಬೀಗರನ್ನು ಮೂದಲಿಸಿ ಹಾಡುವುದು ನಮ್ಮಲ್ಲಿಯೂ ಉಂಟು. ಮುದುಕಿಯರು ಹಾಡುತ್ತಾರೆ, ಯಾರೂ ಕಿವಿಗೊಡುವುದಿಲ್ಲ. ಆದರೆ ಆವತ್ತು ನಾನು ಎರಡೂ ಕುಟುಂಬಗಳ ಹಿನ್ನೆಲೆಯನ್ನು ಮೈಕಿನಲ್ಲಿ ವಿವರಿಸುತ್ತಿದ್ದಾಗ ಹಾಡಿದವಳು ತಲೆ ತಗ್ಗಿಸಿ ಕೂರಬೇಕಾದ ಮದುಮಗಳು.

"ಮೈಕು ಹಿಡಿದ ಬೀಗರೇ, ಕೈಯ ಬಿಡಿ ಬೀಗರೇ,
ಎಲೆ ಮೇಲಿನ ಅನ್ನ ಮೊಳಕೆ ಬಂತು."

ಜನ ನಕ್ಕರು. ಜನ ಯಾವುದಕ್ಕೂ ನಗುತ್ತಾರೆ. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಈಗ ಭಟ್ಕಳದ ಬಂದರಿನವರೆಗೆ ಬಂದಿದೆ. ನಾನು ಸ್ಕೂಟರ್ ನಿಲ್ಲಿಸಿದರೆ ಬೋಟಿನ ಹುಡುಗರು, "ಅಣ್ಣಾ, ಮೊಳಕೆ ಎಷ್ಟುದ್ದ ಆತು?" ಎಂದು ಕೇಳುತ್ತಾರೆ.

ನನ್ನ ವೈಯಕ್ತಿಕ ಮಾನದ ಪ್ರಶ್ನೆ ಇದಲ್ಲ. ನಗಿಸುವ ಹೆಂಗಸನ್ನು ಕಂಡರೆ ದಾರಿಹೋಕರಿಗೂ ಸಲಿಗೆ ಬರುತ್ತದೆ. ನಾಳೆ ಅವಳು ನಮ್ಮ ಮನೆಯ ಸೊಸೆ. ಹಿರಿಯರಾದ ನೀವು ಅವಳಿಗೆ ತಿಳಿಹೇಳಿ ನನಗೆ ಉತ್ತರ ಬರೆಯಬೇಕು.

ಇತಿ ತಮ್ಮ ವಿಶ್ವಾಸಿ,
ರಾಜೀವ


ಕಾಗಾಲ
5 ಡಿಸೆಂಬರ್ 2023

ಬೀಗರಾದ ರಾಜೀವ ಅವರಿಗೆ ದುರ್ಗಮ್ಮ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ. ನಿಮ್ಮ ರಿಜಿಸ್ಟರ್ ಪತ್ರ ತಲುಪಿತು. ಸಹಿ ಹಾಕಿಸಿಕೊಳ್ಳುವಾಗ ಪೋಸ್ಟಿನ ಹುಡುಗ, "ಎಂತ ಅತ್ತೆ, ಕೋರ್ಟಿನ ಕಾಗದವಾ?" ಎಂದು ಕೇಳಿದ. "ಅಲ್ದೋ, ಹೊಸ ಸಂಬಂಧಿಕರದ್ದು" ಎಂದೆ. ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಅಂಗನವಾಡಿಯಲ್ಲಿ ಮಕ್ಕಳಿಗೆ ಕಥೆ ಹೇಳಿಯೇ ನನ್ನ ಅರ್ಧ ಆಯಸ್ಸು ಕಳೆದಿದೆ. ಸುತ್ತಿ ಬಳಸಿ ಹೇಳುವುದು ಅಭ್ಯಾಸ, ಸಹಿಸಿಕೊಳ್ಳಿ. ನನ್ನನ್ನು ಮದುವೆ ಮಾಡಿ ಮಂಕಿ ಊರಿಗೆ ಕೊಟ್ಟದ್ದು. ನನ್ನ ಅಪ್ಪನ ಕಿವಿ ದೊಡ್ಡದು. ಮದುವೆಯ ದಿನ ಮಂಕಿಯ ಹೆಂಗಸರು ಆ ಕಿವಿಗಳನ್ನು ದೋಣಿಗೆ ಹಾಯಿಯಾಗಿ ಕಟ್ಟಿ, ಹಾಡಿನಲ್ಲೇ ಗೋಕರ್ಣ ಮುಟ್ಟಿಸಿ ವಾಪಸು ತಂದರು. ಅಪ್ಪ ಸಾಯುವವರೆಗೂ ಮನೆಗೆ ಬಂದವರಿಗೆಲ್ಲ ಆ ಹಾಡನ್ನು ತಾನೇ ಹೇಳಿ ತೋರಿಸುತ್ತಿದ್ದ. ಬೀಗರು ತನ್ನನ್ನು ಕಣ್ಣಿಟ್ಟು ನೋಡಿದ್ದಾರೆ ಎಂದು ಅವನಿಗೆ ಹೆಮ್ಮೆ. ನಿಮ್ಮನ್ನೂ ನಮ್ಮ ಹುಡುಗಿ ಕಣ್ಣಿಟ್ಟು ನೋಡಿದ್ದಾಳೆ. ತಪ್ಪು ನೋಡಿದ್ದರೆ ಹೇಳಿ. ಆವತ್ತಿನ ಅನ್ನವನ್ನು ನಾನೇ ಬಡಿಸಿದ್ದು. ಬಡಿಸುವಾಗ ಹಬೆಯಾಡುತ್ತಿತ್ತು, ನೀವು ನಿಮ್ಮ ಮುತ್ತಜ್ಜನವರೆಗೆ ಬರುವಷ್ಟರಲ್ಲಿ ಕಲ್ಲಾಗಿತ್ತು.

ಅರ್ಚನಾಳ ತಾಯಿ ತೀರಿಹೋದ ಮೇಲೆ ತವರಿಗೆ ವಾಪಸು ಬಂದು ಅವಳನ್ನು ಸಾಕಿದವಳು ನಾನು. ಕುಮಟೆಯ ಬಟ್ಟೆ ಅಂಗಡಿಯಲ್ಲಿ ಅವಳ ಮಾತು ಕೇಳಲಿಕ್ಕೆಂದೇ ಜನ ಒಂದು ರವಿಕೆ ಕಣಕ್ಕೆ ಬಂದು ಎರಡು ಸೀರೆ ಒಯ್ಯುತ್ತಾರೆ. ಆದರೆ ಗಂಡಿನ ಕಡೆಯವರು ನೋಡಲು ಬಂದಾಗ ಮಾತ್ರ ಅದು ರೋಗದ ಹಾಗೆ ಕಾಣುತ್ತದೆ. ಕಳೆದ ವರ್ಷ ಹೊನ್ನಾವರದಿಂದ ಒಬ್ಬ ಬಂದಿದ್ದ. "ನಿಮ್ಮ ಹವ್ಯಾಸ ಎಂತ?" ಎಂದು ಕೇಳಿದ. "ಬಂದವ್ರಿಗೆ ಚಾ ಕೊಡೂದು" ಎಂದಳು. ಅವನು ನಗಲಿಲ್ಲ. ಅವನ ತಾಯಿ ನನ್ನನ್ನು ಅಡುಗೆಮನೆಗೆ ಕರೆದು, "ಇದು ಯಾವಾಗಿಂದ ಶುರುವಾದ್ದು?" ಎಂದು ಕೇಳಿದಳು.

ನಿಮ್ಮ ತಮ್ಮ ಬಂದ ದಿನ ಇವಳ ಮಾತಿಗೆ ನಕ್ಕೂ ನಕ್ಕೂ ಚಾ ಅಂಗಿಯ ಮೇಲೆ ಚೆಲ್ಲಿಕೊಂಡ. ಅವನೇ ಆಗಬಹುದು ಎಂದು ಇವಳು ಅಂದದ್ದು ಅದಕ್ಕೇ. ನಿಮ್ಮ ಬೋಟು ನೋಡಿ ಅಲ್ಲ, ಬೇಸರಿಸಬೇಡಿ. ಹಾಗಾಗಿ ತಿಳಿಹೇಳಲಿಕ್ಕೆ ನನ್ನಲ್ಲಿ ಏನೂ ಇಲ್ಲ. ತಿಳಿಹೇಳಿದರೆ ನಿಮ್ಮ ತಮ್ಮನಿಗೇ ನಷ್ಟ.

ನಿಮ್ಮ ತಾಯಿ ಹೊನ್ನಮ್ಮನಿಗೆ ನನ್ನ ನಮಸ್ಕಾರ ಹೇಳಿ. ಮೊಳಕೆಯ ಹಾಡಿಗೆ ಅವರು ನಕ್ಕ ನಗೆ ನಮ್ಮ ಚಪ್ಪರದ ಕಂಬಕ್ಕೂ ಕೇಳಿದೆ.

ದುರ್ಗಮ್ಮ


ಭಟ್ಕಳ
14 ಡಿಸೆಂಬರ್ 2023

ಮಾನ್ಯ ದುರ್ಗಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಕ್ಷಮೆ ಎಂಬ ಪದ ಎಲ್ಲಿಯೂ ಸಿಗಲಿಲ್ಲ. ಆದರೂ ಉದ್ದವಾಗಿ ಬರೆದಿದ್ದೀರಿ. ತಪ್ಪಿನ ಅರಿವು ಇರುವವರೇ ಉದ್ದವಾಗಿ ಬರೆಯುವುದು ಎಂದು ನಾನು ಅದನ್ನು ಒಳ್ಳೆಯ ರೀತಿಯಲ್ಲೇ ತೆಗೆದುಕೊಂಡಿದ್ದೇನೆ.

ನಾನು ಹಾಸ್ಯದ ವಿರೋಧಿಯಲ್ಲ. ಸಂಘದ ವಾರ್ಷಿಕ ಸಭೆಯಲ್ಲಿ ನಾನು ಹೇಳುವ ನಗೆಹನಿಗೆ ಮಹಿಳೆಯರ ಸಾಲಿನಿಂದಲೇ ಹೆಚ್ಚು ಚಪ್ಪಾಳೆ ಬೀಳುತ್ತದೆ. ಗಂಡಸು ಕಡಲಿಗೆ ಹೋಗುತ್ತಾನೆ, ಬಲೆ ಎಳೆಯುತ್ತಾನೆ, ಮೈ ದಣಿಯುತ್ತದೆ, ಅದಕ್ಕೆ ನಾಲ್ಕು ತಮಾಷೆ ಮಾಡುತ್ತಾನೆ. ಅದಕ್ಕೊಂದು ಕಾರಣವಿದೆ. ಹೆಂಗಸಿಗೆ ಅಂಥ ಕಾರಣವೇನಿದೆ? ಹೆಂಗಸು ನಗಬೇಕು, ಬೇಡವೆನ್ನುವುದಿಲ್ಲ. ಆದರೆ ನಗಿಸುವುದು ಬೇರೆ. ನಗಿಸುವವರು ಎದುರಿಗಿದ್ದವರನ್ನು ಮೊದಲು ಅಳೆಯುತ್ತಾರೆ. ಸೊಸೆ ನಮ್ಮನ್ನು ಅಳೆಯುತ್ತ ಮನೆಯಲ್ಲಿ ತಿರುಗುವುದು ಯಾರಿಗೆ ಹಿತ?

ನನ್ನ ಹೆಂಡತಿ ಸುಚಿತಾಳನ್ನೇ ನೋಡಿ. ನಿಮ್ಮ ಕಡೆಯವಳೇ, ಹೊಳನಗದ್ದೆಯವಳು. ಮದುವೆಯಾಗಿ ಬಂದ ಮೇಲೆ ಅವಳ ಧ್ವನಿ ಅಂಗಳಕ್ಕೆ ಕೇಳಿದ್ದಿಲ್ಲ. ನೆರೆಮನೆಯವರು ಅವಳನ್ನು ಬಹಳ ಹೊಗಳುತ್ತಾರೆ.

ವಿಷಯಕ್ಕೆ ಬರುತ್ತೇನೆ. ಮದುವೆ ಏಪ್ರಿಲಿನಲ್ಲಿ. ಅದಕ್ಕೆ ಮೊದಲು ಜನವರಿ 21ರ ಭಾನುವಾರ ಹುಡುಗಿಗೆ ಸೀರೆ ಕೊಡುವ ಶಾಸ್ತ್ರಕ್ಕೆ ನಾವು ಕಾಗಾಲಕ್ಕೆ ಬರುತ್ತೇವೆ. ಆವತ್ತು ನಿಮ್ಮ ಕಡೆಯ ಯಾವ ಹೆಂಗಸೂ ಹಾಡಬಾರದು, ಅರ್ಚನಾ ಅಂತೂ ಬಾಯಿ ತೆರೆಯಬಾರದು. ಮಾಡಿದ್ದು ತಪ್ಪು ಎಂದು ಅವಳು ಒಪ್ಪಿಕೊಂಡಂತೆ ಅದನ್ನೇ ಭಾವಿಸಿ, ಹಳೆಯದನ್ನು ಬಿಟ್ಟುಬಿಡುತ್ತೇನೆ. ಇದಕ್ಕೆ ಒಪ್ಪದಿದ್ದರೆ ಸಂಬಂಧದ ಬಗ್ಗೆ ಮತ್ತೆ ಯೋಚಿಸಬೇಕಾಗುತ್ತದೆ.

ಇತಿ,
ರಾಜೀವ, ಕಾರ್ಯದರ್ಶಿ


ಕಾಗಾಲ
19 ಡಿಸೆಂಬರ್ 2023

ರಾಜೀವ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಕೇರಿಯ ಹೆಂಗಸರಿಗೆಲ್ಲ ಓದಿ ಹೇಳಿದೆ. "ಆತು" ಎಂದರು. ಅರ್ಚನಾ ಮೊದಲು ಒಲ್ಲೆ ಎಂದಳು, ಆಮೇಲೆ ನಿಮ್ಮ ತಮ್ಮನ ಮುಖ ನೆನೆದು ಒಪ್ಪಿದಳು. ಜನವರಿ 21ಕ್ಕೆ ನಮ್ಮ ಕಡೆಯ ಒಬ್ಬಳೂ ಹಾಡುವುದಿಲ್ಲ.

ಈ ಕರಾರು ನಿಮ್ಮ ತಾಯಿಗೆ ಗೊತ್ತಿದೆಯೇ? ಇಲ್ಲದಿದ್ದರೆ ಮೊದಲೇ ಹೇಳಿಡಿ.

ದುರ್ಗಮ್ಮ


ಭಟ್ಕಳ
24 ಜನವರಿ 2024

ದುರ್ಗಮ್ಮ ಅವರಿಗೆ,

ಭಾನುವಾರ ನೀವು ನಮಗೆ ಮಾಡಿದ ಅವಮಾನವನ್ನು ಯಾವ ಶಬ್ದದಲ್ಲಿ ಬರೆಯಬೇಕೋ ತಿಳಿಯುತ್ತಿಲ್ಲ.

ನಾವು ಎರಡು ಟೆಂಪೊ ತುಂಬ ಬಂದೆವು. ಎಲೆ ಹಾಕಿದಿರಿ, ಬಡಿಸಿದಿರಿ. ನಿಮ್ಮ ಹೆಂಗಸರು ಗೋಡೆಗೆ ಸಾಲಾಗಿ ಕೂತು ನಮ್ಮನ್ನು ನೋಡುತ್ತ ಉಳಿದರು. ಒಂದು ಸೊಲ್ಲಿಲ್ಲ. ಅನ್ನ ಕಲಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಮ್ಮ ಕುಪ್ಪಜ್ಜ ಕೈ ನಿಲ್ಲಿಸಿ, "ಯಾರ ಹನ್ನೆರಡನೇ ದಿನದ ಊಟ ಇದು?" ಎಂದು ಕೇಳಿದ್ದು ನಿಮಗೂ ಕೇಳಿದೆ. ಸಾವಿನ ಮನೆಯಲ್ಲಿ ಉಂಡ ಹಾಗೆ ನಮ್ಮನ್ನು ಉಣ್ಣಿಸಿದ್ದೀರಿ. ಅಮ್ಮ ಆವತ್ತಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಬೈಯಲಿಕ್ಕೂ ಯೋಗ್ಯರಲ್ಲದವರ ಹಾಗೆ ತಮ್ಮನ್ನು ಕಂಡರು ಎಂದು ಬಂಧುಗಳ ಹತ್ತಿರವೆಲ್ಲ ಅತ್ತಿದ್ದಾರೆ.

ಹಾಡಬಾರದು ಎಂದು ನಾನು ಬರೆದದ್ದು ನಿಜ. ಆದರೆ ಏನನ್ನೂ ಹಾಡಬಾರದು ಎಂದು ಅದರ ಅರ್ಥವಲ್ಲ. ಸೌಮ್ಯವಾದ, ನಮ್ಮ ಮನೆತನವನ್ನು ಸ್ವಲ್ಪ ಹೊಗಳುವ, ಜೊತೆಗೆ ಯಾರಿಗೂ ನೋವಾಗದಂತೆ ಒಂಚೂರು ಬೈಯುವ ಹಾಡು ಹಾಡಬಹುದಿತ್ತು. ಸಾಮಾನ್ಯ ಜ್ಞಾನವಿದ್ದವರಿಗೆ ಇದು ತಿಳಿಯುತ್ತದೆ.

ನಿಮ್ಮ ಈ ನಡವಳಿಕೆಯಿಂದಾಗಿ ನಮ್ಮ ಕಡೆಯಲ್ಲೂ ಒಂದು ಸಣ್ಣ ಅಚಾತುರ್ಯ ನಡೆಯಿತು. ಅದು ನಮ್ಮ ಮನೆಯ ವಿಷಯ. ಅದನ್ನು ಊರಲ್ಲಿ ಆಡಿಕೊಳ್ಳಬಾರದೆಂದು ಎಚ್ಚರಿಸುತ್ತೇನೆ.

ರಾಜೀವ


ಕಾಗಾಲ
29 ಜನವರಿ 2024

ರಾಜೀವ ಅವರಿಗೆ,

ಹಾಡಿದರೆ ತಪ್ಪು, ಹಾಡದಿದ್ದರೆ ಇನ್ನೂ ದೊಡ್ಡ ತಪ್ಪು. ನಿಮಗೆ ಬೇಕಾದದ್ದು ಹೆಂಗಸರಲ್ಲ, ನಲ್ಲಿ. ನೀವು ತಿರುಗಿಸಿದಾಗ ಬರಬೇಕು, ನೀವು ಹೇಳಿದಷ್ಟೇ ದಪ್ಪಕ್ಕೆ ಬರಬೇಕು. ಅಂಥದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ನಮ್ಮ ಕೇರಿಯಲ್ಲಿ ಇಲ್ಲ.

ಸುಮ್ಮನಿರುವುದು ಎಷ್ಟು ಕಷ್ಟವೆಂದು ನಮಗೆ ಆವತ್ತೇ ಗೊತ್ತಾದದ್ದು. ನಮ್ಮ ಹೆಂಗಸರು ಇಳಿತದ ಹೊತ್ತಿನಲ್ಲಿ ಅಘನಾಶಿನಿ ಹೊಳೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಬಳಚಿನ ಚಿಪ್ಪು ಹೆಕ್ಕುವವರು. ಚಿಪ್ಪು ಕೈ ಕೊಯ್ಯುತ್ತದೆ, ಉಪ್ಪುನೀರು ಉರಿಯುತ್ತದೆ. ನಗುತ್ತ ನಗಿಸುತ್ತ ಬುಟ್ಟಿ ತುಂಬಿಸುತ್ತಾರೆ. ದಣಿವು ಗಂಡಸರಿಗೆ ಮಾತ್ರ ಬರುವುದು ಎಂದು ನೀವು ಬರೆದದ್ದನ್ನು ಅಲ್ಲಿ ಓದಿ ಹೇಳಿದೆ. ಅಷ್ಟು ನಗು ನಿಮ್ಮ ವಾರ್ಷಿಕ ಸಭೆಯಲ್ಲಿ ಎಂದೂ ಬಿದ್ದಿರಲಿಕ್ಕಿಲ್ಲ. ಆ ಸಭೆಗೆ ನಾನೂ ಬಂದಿದ್ದೇನೆ, ನಿಮ್ಮ ನಗೆಹನಿಯನ್ನು ಕೇಳಿದ್ದೇನೆ. ಪ್ರತಿ ಸಲವೂ ಅದೇ ತಹಶೀಲ್ದಾರ, ಅದೇ ಎಮ್ಮೆ. ಮಹಿಳೆಯರ ಸಾಲಿನಲ್ಲಿ ಎಲ್ಲರೂ ನಕ್ಕೆವು, ಚಪ್ಪಾಳೆಯನ್ನೂ ಹೊಡೆದೆವು. ಊಟದ ಟೋಕನ್ ನಿಮ್ಮ ಕೈಯಲ್ಲಿತ್ತು.

ನಿಮ್ಮ ತಾಯಿ ಅತ್ತದ್ದಕ್ಕೆ ಮಾತ್ರ ನನಗೆ ನಿಜವಾಗಿ ಬೇಸರವಿದೆ. ಅವರ ಕ್ಷಮೆ ಕೇಳುತ್ತೇನೆ. ಬೇಕಾದರೆ ಭಟ್ಕಳಕ್ಕೆ ಬಂದು ಅವರ ಸೊಂಟ, ಅವರ ಎಲೆಯಡಿಕೆ ಚೀಲ, ಎಲ್ಲದರ ಮೇಲೂ ಹಾಡಿ ಋಣ ತೀರಿಸುತ್ತೇನೆ.

ಇನ್ನು ನಿಮ್ಮ ಆ ಸಣ್ಣ ಅಚಾತುರ್ಯ. ನೀವು ಹೆಸರಿಸಲಿಲ್ಲ, ನಾನು ಹೆಸರಿಸುತ್ತೇನೆ. ಕುಪ್ಪಜ್ಜ ಹಾಗೆ ಕೇಳಿದ ಮೇಲೆ ಯಾರಿಗೂ ತುತ್ತು ಇಳಿಯಲಿಲ್ಲ. ಆಗ ನಿಮ್ಮ ಸಾಲಿನ ಕೊನೆಯಿಂದ ಒಂದು ಧ್ವನಿ ಬಂತು. ಸಣ್ಣ ಧ್ವನಿ, ಹಗ್ಗ ತುಂಡಾದ ಕೊಡವನ್ನು ಬಾವಿಯಿಂದ ಎತ್ತಿದ ಹಾಗೆ ತಡೆತಡೆದು ಬಂತು.

"ನಮ್ಮನೆ ಬೆಕ್ಕಿಗೂ ಬಾಯುಂಟು ಬೀಗರೇ,
ಮ್ಯಾಂವ್ ಅನ್ನೂಕೆ ಸೆಕ್ರೆಟರಿ ಸಹಿ ಬೇಕು."

ಹಾಡಿದವಳು ಸುಚಿತಾ. ನಿಮ್ಮ ಹೆಂಡತಿ. ಎರಡೂ ಸಾಲಿನ ಹೆಂಗಸರು ಸೆರಗಿಗೆ ಬಾಯಿ ಒತ್ತಿ ನಕ್ಕರು. ಅಳುತ್ತಿದ್ದ ಹೊನ್ನಮ್ಮನೂ ನಕ್ಕರು. ನೀವು ಅರ್ಧ ಊಟದಲ್ಲಿ ಎದ್ದು ಕೈ ತೊಳೆದಿರಿ.

ಅವಳ ಧ್ವನಿ ಅಂಗಳಕ್ಕೆ ಕೇಳಿದ್ದಿಲ್ಲ ಎಂದು ಬರೆದಿದ್ದಿರಿ. ಮದುವೆಗೆ ಮೊದಲು ಅವಳು ಹೊಳನಗದ್ದೆಯಿಂದ ಕುಮಟೆಯ ಮೀನುಪೇಟೆಗೆ ತಾಯಿಯೊಡನೆ ಬರುತ್ತಿದ್ದಳು. ಚೌಕಾಸಿಗೆ ಬಂದ ಗಿರಾಕಿಗಳನ್ನು ನಗಿಸಿ ನಗಿಸಿ ಬುಟ್ಟಿ ಖಾಲಿ ಮಾಡುತ್ತಿದ್ದ ಹುಡುಗಿ. ಅವಳಿಗೆ ಏನಾಯಿತು ಎಂದು ನಾವೆಲ್ಲ ಯೋಚಿಸುತ್ತಿದ್ದೆವು. ನೀವು ಅದನ್ನು ಹೆಗ್ಗಳಿಕೆ ಎಂದು ಬರೆದು, ರಿಜಿಸ್ಟರ್ ಮಾಡಿ ಕಳಿಸಿದಿರಿ.

ಅರ್ಚನಾ ಆವತ್ತಿನಿಂದ ಮಾತು ಕಡಿಮೆ ಮಾಡಿದ್ದಾಳೆ. ಕೇಳಿದರೆ, "ಎಂತ ಇಲ್ಲ ಅತ್ತೆ, ಸ್ವಲ್ಪ ನೋಡೂಕೆ ಅದೆ" ಎನ್ನುತ್ತಾಳೆ. ಏನನ್ನು ನೋಡಬೇಕೋ ನನಗೂ ಹೇಳಿಲ್ಲ.

ದುರ್ಗಮ್ಮ


ಭಟ್ಕಳ
4 ಮಾರ್ಚ್ 2024

ದುರ್ಗಮ್ಮ ಅವರಿಗೆ,

ನಿಮ್ಮ ಹಿಂದಿನ ಪತ್ರಕ್ಕೆ ಉತ್ತರಿಸುವ ಅಗತ್ಯ ನನಗೆ ಕಾಣಲಿಲ್ಲ. ಆದರೆ ಮದುವೆ ಹತ್ತಿರ ಬಂದಿದೆ. ಸಭಾಭವನ ಗೊತ್ತು ಮಾಡಿದ್ದೇನೆ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗಬೇಕು.

ಸಂಜಯ ಹಟ ಹಿಡಿದಿದ್ದಾನೆ. ಇವಳೇ ಬೇಕು ಎನ್ನುತ್ತಾನೆ. ನಾನು ಕಠಿಣ ಮನುಷ್ಯನಲ್ಲ. ಆದ್ದರಿಂದ ಹಾಡಿನ ಕರಾರು ಕೈಬಿಡುತ್ತೇನೆ. ಮುದುಕಿಯರು ಹಾಡಲಿ. ಅರ್ಚನಾ ಮಾತ್ರ ಅಂಗಡಿಯ ಕೆಲಸ ಬಿಟ್ಟು, ಇನ್ನು ಮುಂದೆ ನಾಲ್ಕು ಜನರ ಎದುರು ಗಂಭೀರವಾಗಿ ಇರುತ್ತೇನೆಂದು ಸಂಜಯನಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಅವನು ಭಾನುವಾರ ಅಲ್ಲಿಗೆ ಬರುತ್ತಾನೆ. ಏನು ಹೇಳಬೇಕೆಂದು ಅವನಿಗೆ ತಿಳಿಸಿದ್ದೇನೆ.

ಇಷ್ಟು ಮಾತಾಡುವ ಹುಡುಗಿಗೆ ಬೇರೆ ಗಂಡು ಹುಡುಕುವ ಕಷ್ಟ ನಿಮಗೆ ಗೊತ್ತಿರಬಹುದು. ಯೋಚಿಸಿ ನಡೆದುಕೊಳ್ಳಿ.

ಸುಚಿತಾ ಆರೋಗ್ಯ ಸರಿಯಿಲ್ಲದೆ ಸ್ವಲ್ಪ ದಿನದ ವಿಶ್ರಾಂತಿಗೆ ತವರಿಗೆ ಹೋಗಿದ್ದಾಳೆ. ಯಾರಾದರೂ ಕೇಳಿದರೆ ಹಾಗೆಂದೇ ಹೇಳಬೇಕು.

ರಾಜೀವ


ಕಾಗಾಲ
12 ಮಾರ್ಚ್ 2024

ರಾಜೀವ,

ನೀನು ನನ್ನ ಮಗನ ವಯಸ್ಸಿನವ. ಬೀಗ ಎಂದು ಇಷ್ಟು ದಿನ ಬಹುವಚನ ಕೊಟ್ಟೆ. ಇನ್ನು ಅದರ ಅಗತ್ಯ ಇರುವುದಿಲ್ಲ.

ಸುಚಿತಾಳನ್ನು ಹೋದ ವಾರ ಕುಮಟೆಯಲ್ಲಿ ಕಂಡೆ. ಆರೋಗ್ಯಕ್ಕೆ ಏನೂ ಆಗಿಲ್ಲ. ಕೆನ್ನೆ ತುಂಬಿಕೊಂಡಿದೆ. "ಯಾವಾಗ ಹೋಗ್ತೆ ತಂಗಿ ಭಟ್ಕಳಕ್ಕೆ?" ಎಂದು ಕೇಳಿದೆ. "ಅವ್ರು ಕರೀಲಿ ದುರ್ಗಕ್ಕ, ಅಂಗಳದಲ್ಲಿ ನಿಂತು, ಕೇರಿಗೆ ಕೇಳೂಹಾಂಗೆ ಕರೀಲಿ. ಆಮೇಲೆ ನೋಡ್ವ" ಎಂದಳು. ಇದನ್ನು ನಿನಗೆ ಬರೆಯಬಹುದಾ ಎಂದು ಕೇಳಿಯೇ ಬರೆಯುತ್ತಿದ್ದೇನೆ.

ಸಂಜಯ ಭಾನುವಾರ ಬಂದಿದ್ದ. ನೀನು ಹೇಳಿಕೊಟ್ಟದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿರಬೇಕು, ಹೊಸಿಲು ದಾಟುವಾಗಲೇ ಮರೆತಿದ್ದ. ಜಗಲಿಯಲ್ಲಿ ಕೂರಿಸಿದೆವು. ಅರ್ಚನಾ ಚಾ ತಂದುಕೊಟ್ಟು ಎದುರಿಗೇ ಕೂತಳು. ನಾನು ಒಳಗಿದ್ದೆ. ಕೇಳಿಸಿಕೊಳ್ಳಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಹುಡುಗ ಕೆಟ್ಟವನಲ್ಲ. "ನೀನು ಹೀಂಗೇ ಇರು. ನಂಗೆ ಹೀಂಗೇ ಬೇಕು" ಎಂದ. ನನಗೆ ಒಳಗೆ ಜೀವ ಬಂದ ಹಾಗಾಯಿತು. ಆಮೇಲೆ, "ಆದ್ರೆ ನಮ್ಮ ಕೋಣೆ ಒಳಗೆ. ಹೊರಗೆ ಅಣ್ಣ ಇರ್ತ" ಎಂದ.

"ಹೊರಗಿದ್ದಾಗ ನಗೂ ಮಾತು ಬಾಯಿಗೆ ಬಂದ್ರೆ? ಎದ್ದು ಕೋಣೆಗೆ ಓಡೂದಾ?"

"ಹಾಂಗಲ್ಲ. ತಡ್ಕೊಳ್ಳೂದು."

"ಎಷ್ಟೊತ್ತು?"

"ಅಣ್ಣ ಮಲಗೂವರೆಗೆ."

ತಮಾಷೆಗೆ ಹೇಳಿದ್ದಲ್ಲ, ರಾಜೀವ. ಲೆಕ್ಕ ಹಾಕಿ, ಯೋಚಿಸಿ ಹೇಳಿದ. ಅರ್ಚನಾ ನಗಲಿಲ್ಲ. ಅವಳು ನಗದೆ ಕೂತದ್ದನ್ನು ನಾನು ಕಂಡದ್ದು ಅವಳ ತಾಯಿ ಹೋದಾಗ ಮಾತ್ರ.

"ಒಂದು ಕೇಳ್ತೆ. ಸೀರೆ ಶಾಸ್ತ್ರದ ದಿನ ಸುಚಿತಕ್ಕ ಹಾಡ್ದಾಗ ನಿಮ್ಗೆ ನಗು ಬಂತಾ ಇಲ್ವಾ?"

"ಬಂತು. ಹೊಟ್ಟೆ ಹಿಡ್ಕಳ್ಳೂಹಾಂಗೆ ಬಂತು."

"ನಾನು ನಿಮ್ಮನ್ನೇ ನೋಡ್ತಿದ್ದೆ. ನೀವು ನಗಲಿಲ್ಲ."

"ಅಣ್ಣನ ಮೋರೆ ನೋಡ್ದೆ."

ಆ ದಿನದಿಂದ ಅವಳು ಮಾತು ಕಡಿಮೆ ಮಾಡಿದ್ದು ಯಾಕೆಂದು ನನಗೆ ಆಗ ತಿಳಿಯಿತು. ನಾವೆಲ್ಲ ಸುಚಿತಾಳನ್ನೂ ನಿನ್ನನ್ನೂ ನೋಡುತ್ತಿದ್ದಾಗ ಅವಳು ಸಂಜಯನ ತುಟಿ ನೋಡುತ್ತಿದ್ದಳು. ಬಂದ ನಗುವನ್ನು ಅವನು ನಿನಗೆ ತೋರಿಸಿ, ನಿನ್ನ ಮೋರೆ ಬೇಡ ಎಂದ ಮೇಲೆ ನುಂಗಿದ್ದನ್ನು ಕಂಡಿದ್ದಳು. ನಿನ್ನಂಥವನ ಜೊತೆ ಜಗಳವಾಡಿಯಾದರೂ ಬದುಕಬಹುದು. ಅಣ್ಣನ ಮೋರೆ ನೋಡಿ ನಗುವವನ ಜೊತೆ ಜಗಳಕ್ಕೂ ಜನ ಸಿಗುವುದಿಲ್ಲ. ಅವನು ನಗುತ್ತಾನೆಂದು ಮೆಚ್ಚಿದ್ದಳು. ನೋಡಲು ಬಂದ ದಿನ ನೀನು ಜೊತೆಗಿರಲಿಲ್ಲ ಎಂಬುದು ನಮಗೆ ಹೊಳೆಯಲೇ ಇಲ್ಲ.

ಇನ್ನು ಗಂಡು ಹುಡುಕುವ ಕಷ್ಟ. ಸಿಗದಿದ್ದರೆ ಅಂಗಡಿ ಇದೆ, ನಾನಿದ್ದೇನೆ, ತಿಮ್ಮ ಇದ್ದಾನೆ. ತಿಮ್ಮ ಮಾತಾಡುವುದೇ ಕಡಿಮೆ. ಆವತ್ತು ಬೋಟಿನಿಂದ ಬಂದವನು ಎಲ್ಲ ಕೇಳಿ, "ಒಳ್ಳೇದಾತು. ಮನೆ ಬಿಕೋ ಅನ್ನೂದು ತಪ್ತು" ಎಂದ. ಆಮಂತ್ರಣ ಪತ್ರಿಕೆ ಅಚ್ಚಾಗಿದ್ದರೆ ಹಿಂದಿನ ಬದಿ ಖಾಲಿ ಇರುತ್ತದೆ, ಸಂಘದ ಕೆಲಸಕ್ಕೆ ಬಂದೀತು.

ಅರ್ಚನಾ ಉಂಗುರ ತೆಗೆದಳು. ಸ್ವಲ್ಪ ಬಿಗಿಯಾಗಿತ್ತು, ಸೋಪು ಹಚ್ಚಬೇಕಾಯಿತು. ಅಷ್ಟು ಹೊತ್ತೂ ಸಂಜಯ ನಿಂತೇ ಇದ್ದ. ಕೈಗೆ ಕೊಟ್ಟ ಮೇಲೆ ಬಾಗಿಲವರೆಗೆ ಹೋದವನು ತಿರುಗಿ ನಿಂತ. ಈಗಲಾದರೂ ಏನಾದರೂ ಅಂದಾನೆಂದು ನಾನು ಕಾದೆ. ಅವಳೂ ಕಾದಳೋ ಏನೋ.

"ಅಣ್ಣಂಗೆ ಎಂತ ಹೇಳ್ಲಿ?" ಎಂದು ಕೇಳಿದ.

"ಅದ್ನೂ ಅಣ್ಣನ್ನೇ ಕೇಳಿ" ಎಂದಳು.

ದುರ್ಗಮ್ಮ